ತಲೆಯಾಡಿಸಿದಾಗ

ಇದನ್ನು ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ತಗಡು ಒತ್ತುವ ಪ್ರೆಸ್ಸಿನ ಮುಂದೆ ಒಂದು ದಿನವೂ ನಿಲ್ಲದವರು ಪ್ರೆಸ್ಸಿನವನ ತಲೆಯೊಳಗೆ ಕೂತು ಬಂದವರ ಹಾಗೆ ಮಾತಾಡುವುದು ಅಧಿಕಪ್ರಸಂಗ. ಸಂಜೆ ಪಾಠದಲ್ಲಿ ಅರೆಬರೆ ಕಲಿತ ವ್ಯಾಕರಣ ಇಟ್ಟುಕೊಂಡು ಒಬ್ಬನ ಬೆರಳುಗಳ ವಿಷಯ ಎತ್ತುವುದು ಇನ್ನೂ ದೊಡ್ಡ ಅಧಿಕಪ್ರಸಂಗ. ಹೇಳದೆ ಇರಲು ನೋಡಿದ್ದಾಯಿತು, ಆಗಲಿಲ್ಲ. ತಪ್ಪಿದ್ದ ಕಡೆ ಓದುವವರು ತಿದ್ದಿಕೊಳ್ಳಬೇಕು.

ಆ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಅವನು ತನ್ನ ಎಡಗೆನ್ನೆಯನ್ನು ಬಹಳ ಹೊತ್ತು ನೋಡಿಕೊಂಡ. ಗುರುತೇನೂ ಇರಲಿಲ್ಲ. ಗುರುತಿದ್ದಿದ್ದರೆ ಸಮಾಧಾನವಾಗುತ್ತಿತ್ತೇನೋ, ಇಷ್ಟೇ, ಇಲ್ಲಿಂದ ಇಲ್ಲಿಯವರೆಗೆ ಎಂದು ಬೆರಳಿಟ್ಟು ತೋರಿಸಬಹುದಿತ್ತು. ಕೆನ್ನೆಯ ಒಳಗೆ, ದವಡೆಯ ಹಲ್ಲಿನ ಹತ್ತಿರ ಎಲ್ಲೋ ಆ ಏಟು ಇನ್ನೂ ಬೀಳುತ್ತಲೇ ಇತ್ತು. ಹಿಂದಿನ ಸಂಜೆ ಶಾಲೆಯ ಕೋಣೆಯೊಂದರ ಇಂಗ್ಲಿಷ್ ಪಾಠದಲ್ಲಿ, ಮಕ್ಕಳ ಬೆಂಚಿಗೆ ಮೊಣಕಾಲು ತೂರಿಸಲಾಗದೆ ಪಕ್ಕಕ್ಕೆ ಚಾಚಿಕೊಂಡು ಕೂತಿದ್ದ ಹನ್ನೆರಡು ಜನ ದೊಡ್ಡವರ ಎದುರಿಗೆ, ಹೆಂಡತಿಯ ತಮ್ಮ ಅವನಿಗೆ ಹೊಡೆದಿದ್ದ. ಹೊಡೆಯಬೇಕೆಂದು ಹೊಡೆದದ್ದಲ್ಲ. ಮೇಷ್ಟ್ರ ಕಾನೂನು ಅದು. ನಿವೃತ್ತರಾದ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು, ನಾವೆಲ್ಲ ಹೀಗೇ ಕಲಿತದ್ದು, ಸರಿ ಉತ್ತರ ಹೇಳಿದವನು ತಪ್ಪು ಹೇಳಿದವನ ಮೂಗು ಹಿಡಿದು ಕೆನ್ನೆಗೊಂದು ಬಿಡಬೇಕು, ಒಪ್ಪಿಗೆ ಇಲ್ಲದವರು ಈಗಲೇ ಎದ್ದು ಹೋಗಿ ಎಂದು. ಎಲ್ಲರೂ ನಕ್ಕಿದ್ದರು. ಯಾರೂ ಎದ್ದು ಹೋಗಿರಲಿಲ್ಲ. ಅವನೂ ನಕ್ಕಿದ್ದ. ಭಾವಮೈದನನ್ನು ಜೊತೆಗೆ ಕರೆತಂದವನೂ ಅವನೇ. ನಲವತ್ತೆಂಟು ವರ್ಷಕ್ಕೆ ಒಬ್ಬನೇ ಶಾಲೆಗೆ ಹೋಗಲು ನಾಚಿಕೆಯಾಗಿತ್ತು. ಇನ್ನು ಮುಂದೆ ವಿಭಾಗದ ಮುಖ್ಯಸ್ಥನಾಗುವವನು ದಿನದ ವರದಿಯನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂದು ಕಂಪನಿ ಹೇಳಿತ್ತು. ಆ ಜಾಗಕ್ಕೆ ಅವನು ಹತ್ತೊಂಬತ್ತು ವರ್ಷದಿಂದ ಪ್ರೆಸ್ಸಿನ ಪಕ್ಕ ನಿಂತು ಕಾದಿದ್ದ.

ಹಲಗೆಯ ಮೇಲೆ ಮೇಷ್ಟ್ರು ಇಂಗ್ಲಿಷಿನಲ್ಲಿ ಬರೆದಿದ್ದು ಅರ್ಧ ಸಾಲು: ಮೆಷೀನು ಬಿಸಿಯಾಗಿದ್ದರಿಂದ. ಅಷ್ಟೇ. ಇಂಡಿಪೆಂಡೆಂಟ್ ಕ್ಲಾಜು, ಡಿಪೆಂಡೆಂಟ್ ಕ್ಲಾಜು ಎಂದು ವಾಕ್ಯದ ತುಂಡುಗಳಲ್ಲಿ ಎರಡು ಜಾತಿ. ಒಂದು ತನ್ನ ಕಾಲ ಮೇಲೆ ನಿಲ್ಲುವುದು, ಇನ್ನೊಂದು ಆತುಕೊಂಡು ನಿಲ್ಲುವುದು. "ಹೆಂಡ್ತಿ ತವರಿಗೆ ಹೋದ ಮೂರನೇ ದಿನಕ್ಕೆ ಬ್ರೆಡ್ಡು ತಿಂದ್ಕೊಂಡು ಬಿದ್ದಿರ್ತಾನಲ್ಲ, ಅವನು ಡಿಪೆಂಡೆಂಟು," ಎಂದು ಮೇಷ್ಟ್ರು ನಗಿಸಿ, ಸೀಮೆಸುಣ್ಣವನ್ನು ಅವನ ಕಡೆ ತಿರುಗಿಸಿದ್ದರು. "ನೀನು ಹೇಳಪ್ಪಾ, ಇದು ಯಾವುದು?" ಅವನು ಎದ್ದು ನಿಂತು ಧೈರ್ಯವಾಗಿ ಹೇಳಿದ: "ನಿಲ್ಲುತ್ತೆ ಸಾರ್. ಮೆಷೀನು ಬಿಸಿಯಾಗಿತ್ತು, ಅದಕ್ಕೇನು ಕಮ್ಮಿ?" ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ಪಕ್ಕದವನನ್ನು ನೋಡಿದರು. ಪಕ್ಕದಲ್ಲಿದ್ದವನು ಭಾವಮೈದ. "ಆತ್ಕೊಂಡಿರೋದು ಸಾರ್," ಎಂದ ಅವನು ತಲೆ ತಗ್ಗಿಸಿ, "ಬಿಸಿಯಾಗಿದ್ರಿಂದ ಏನಾಯ್ತು ಅಂತ ಹೇಳೇ ಇಲ್ಲ." ಮೊದಲ ಸಲ ಬೆರಳ ತುದಿ ತಾಗಿಸಿದ ಅಷ್ಟೇ. "ಏನೋ, ಭಾವನಿಗೆ ಪೌಡರ್ ಹಚ್ತಿದೀಯ? ನೆಟ್ಟಗೆ ಹೊಡಿ. ಇಲ್ಲಾಂದ್ರೆ ನಿನ್ನ ಕೆನ್ನೆ ನಾನು ನೋಡ್ಕೋತೀನಿ." ಎರಡನೆಯದು ನೆಟ್ಟಗೆ ಬಿತ್ತು. ಕೋಣೆ ಗೊಳ್ಳೆಂದಿತು. ಹೊಡೆದವನೂ ನಕ್ಕ. ನಾಚಿಕೆಗೆ ನಕ್ಕನೋ, ಇನ್ಯಾವುದಕ್ಕೋ, ಇವನಿಗೆ ತಿಳಿಯಲಿಲ್ಲ. ದಾರಿಯಲ್ಲಿ ಸ್ಕೂಟರಿನ ಹಿಂದೆ ಕೂತು ಭಾವಮೈದ, "ಭಾವ, ಬೇಜಾರಾಯ್ತಾ?" ಎಂದು ಕೇಳಿದಾಗ ಇವನು, "ಹೋಗೋ, ಅದಕ್ಕೆಲ್ಲ ಯಾರಾದ್ರೂ ಬೇಜಾರು ಮಾಡ್ಕೋತಾರಾ," ಎಂದು ಹೇಳಿ ಗೇರು ಬದಲಿಸಿದ್ದ.

ತಿಂಡಿಗೆ ಕೂತಾಗ ಹೆಂಡತಿಯ ತುಟಿಯ ಮೂಲೆ ಅದುರುತ್ತಿತ್ತು. ತಮ್ಮ ಅದೇ ಮನೆಯ ಹೊರಕೋಣೆಯಲ್ಲಿರುವವನು, ಹೇಳಿರುತ್ತಾನೆ. ಅವಳು ಕಾಫಿ ಇಟ್ಟು, "ನಿನ್ನೆ ಪಾಠ ಚೆನ್ನಾಗಿ ತಲೆಗೆ ಹತ್ತಿತಂತೆ," ಎಂದಳು. "ತಲೆಗೋ ಕೆನ್ನೆಗೋ?" ಎಂದು ನಕ್ಕಳು. ಕೆಟ್ಟ ನಗುವಲ್ಲ ಅದು. ಇಪ್ಪತ್ತು ವರ್ಷ ಒಂದೇ ಹಾಸಿಗೆ ಹಂಚಿಕೊಂಡವರ ನಗು. ಲೋಟ ಅವನ ಕೈಯಿಂದ ಹೋಗಿ ಗೋಡೆಗೆ ಬಡಿಯಿತು. ಕಾಫಿ ಕ್ಯಾಲೆಂಡರಿನ ಮೇಲಿಂದ ಇಳಿಯಿತು. ಅವಳು ಹಿಂದಕ್ಕೆ ಸರಿಯಲಿಲ್ಲ, ಬಾಗಿ ಲೋಟ ಎತ್ತಿಕೊಂಡು ನೆಗ್ಗಿದ ಜಾಗವನ್ನು ಹೆಬ್ಬೆರಳಿನಿಂದ ಸವರಿ, "ಅವನಿಗೆ ಮಾತ್ರ ಏನೂ ಅನ್ನಬೇಡಿ," ಎಂದಳು. ಅಷ್ಟೇ. ಅವಳ ಆ ದನಿಯಲ್ಲಿ ಹಳೆಯದೊಂದು ದಿನ ಇತ್ತು, ಇಬ್ಬರಿಗೂ ಗೊತ್ತಿತ್ತು.

ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಹತ್ತು ವರ್ಷದ ತಮ್ಮನನ್ನು ಅವಳು ಮನೆಗೆ ತಂದಿದ್ದಳು. ಬಂದ ಮರುವರ್ಷ ಅವನು ಭಾವನ ಗಡಿಯಾರ ಕಳೆದ. ಸೊಂಟದ ಪಟ್ಟಿ ಬಿಚ್ಚಿದ್ದು ಇವನಿಗೆ ನೆನಪಿದೆ. ಎಷ್ಟು ಸಲ ಎಂಬುದು ನೆನಪಿಲ್ಲ. ಹುಡುಗ ಅಳಲಿಲ್ಲ, ಅದೇ ತಪ್ಪಾಯಿತು. ಅತ್ತಿದ್ದರೆ ಮೂರಕ್ಕೋ ನಾಲ್ಕಕ್ಕೋ ನಿಲ್ಲುತ್ತಿತ್ತು. ಕೊನೆಗೆ ಪಟ್ಟಿಯ ಹಿತ್ತಾಳೆ ತುದಿ ಬಾಯಿಗೆ ತಗುಲಿ ಮುಂದಿನ ಹಲ್ಲೊಂದು ಅರ್ಧ ಮುರಿಯಿತು. ಆ ಅರ್ಧ ಹಲ್ಲು ಈಗಲೂ ನಕ್ಕಾಗ ಕಾಣುತ್ತದೆ. ನಿನ್ನೆ ಕಂಡಿತ್ತು.

ಕಾರ್ಖಾನೆಯ ಶೆಡ್ಡಿನ ಬಾಗಿಲಲ್ಲೇ ಲೇತ್ ಮೆಷೀನಿನವನು ಕಾದಿದ್ದ. "ಏನಣ್ಣಾ, ಕೆನ್ನೆ ಮೇಲೆ ಇಂಗ್ಲಿಷ್ ಅಚ್ಚಾಗಿದೆಯಂತೆ, ತೋರ್ಸು ನಾವೂ ಓದ್ಕೋತೀವಿ." ಅವನು ನಕ್ಕ. ನಗಲೇಬೇಕಾಗಿತ್ತು. "ಬಾ, ನಿನಗೂ ಒಂದು ಪ್ರತಿ ತೆಗೆದುಕೊಡ್ತೀನಿ," ಎಂದು ಕೈ ಎತ್ತಿದ. ಸುತ್ತ ಇದ್ದವರು ನಕ್ಕರು, ಕೈಯನ್ನು ಕೆಳಗಿಳಿಸಲು ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತಾಯಿತು, ಲೇತಿನವನ ನಗು ಸಣ್ಣಗಾಯಿತು. ಯಾರು ಹೇಳಿರಬಹುದು? ಪಾಠಕ್ಕೆ ಬರುವವರಲ್ಲಿ ಈ ಶೆಡ್ಡಿನವರು ಇಬ್ಬರೇ, ಅವನು ಮತ್ತು ಭಾವಮೈದ. ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ ಅಂಗಿಯನ್ನು ಬಿಚ್ಚಿ ಮತ್ತೆ ಹಾಕಿಕೊಳ್ಳುತ್ತ ಅವನು ಅದನ್ನೇ ಯೋಚಿಸಿದ. ತಮಾಷೆಗೆ ಹೇಳಿರುತ್ತಾನೆ. ಮನೆಯಲ್ಲಿ ಅಕ್ಕನಿಗೆ ತಮಾಷೆಗೆ, ಇಲ್ಲಿ ಇವರಿಗೆ ತಮಾಷೆಗೆ.

ದೊಡ್ಡ ಪ್ರೆಸ್ಸಿಗೆ ಇಬ್ಬರು ಬೇಕು. ಒಲೆಯ ತಟ್ಟೆಗಳನ್ನು ಒತ್ತುವ ಯಂತ್ರ ಅದು. ತಗಡು ಅಗಲ, ಒಬ್ಬನು ಎರಡೂ ಕೈಯಲ್ಲಿ ಅದನ್ನು ಅಚ್ಚಿನ ಮೇಲೆ ಕೂರಿಸಿ ಕೈ ಹೊರಗೆ ತೆಗೆದು ತಲೆಯಾಡಿಸಬೇಕು, ಪಕ್ಕದಲ್ಲಿ ನಿಂತವನು ಕಾಲಿನ ಪೆಡಲು ಒತ್ತಬೇಕು. ಮೇಲಿನ ಕಬ್ಬಿಣದ ದಿಮ್ಮಿ ಅಚ್ಚಿನ ಮೇಲೆ ಇಳಿದು ಏರುತ್ತದೆ. ಶೆಡ್ಡಿನ ಸದ್ದಿನಲ್ಲಿ ಬಾಯಿಮಾತು ಕೇಳಿಸದು, ಆದ್ದರಿಂದ ತಲೆಯೇ ಮಾತು. ಅಚ್ಚಿನ ಮುಂದೆ ಕೈ ಕಾಯಲು ಒಂದು ಜಾಲರಿ ಇಳಿಯಬೇಕು, ಜಾಲರಿ ಇಳಿಯದೆ ಪೆಡಲು ಒತ್ತಬಾರದೆಂಬುದು ನಿಯಮ. ಅದು ಇಳಿದು ಏರುವ ಹೊತ್ತಿಗೆ ಗಂಟೆಗೆ ನಲವತ್ತು ತಟ್ಟೆ ಕಡಿಮೆಯಾಗುತ್ತಿತ್ತು. ನಾಲ್ಕು ವರ್ಷದ ಹಿಂದೆ ಅದನ್ನು ತಂತಿಯಿಂದ ಮೇಲಕ್ಕೆ ಕಟ್ಟಿದವನು ಅವನೇ. ತಪಾಸಣೆಯವರು ಬರುವ ದಿನ ತಂತಿ ಬಿಚ್ಚುತ್ತಿದ್ದರು, ಅವರು ಚಹಾ ಕುಡಿದು ಹೋದ ಮೇಲೆ ಮತ್ತೆ ಕಟ್ಟುತ್ತಿದ್ದರು. ಎಲ್ಲ ಶೆಡ್ಡಿನಲ್ಲೂ ಹಾಗೇ. ಅಚ್ಚಿಗೆ ಕೈ ಕೊಡುವ ಕೆಲಸ ಭಾವಮೈದನದು, ಕಾಲು ಇವನದು. ಪರರ ಕಾಲಿನ ಕೆಳಗೆ ತಮ್ಮನ ಕೈ ಇಡಬೇಡಿ, ನಿಮ್ಮ ಕಾಲೇ ಇರಲಿ ಎಂದು ಹೆಂಡತಿ ಹಟ ಹಿಡಿದು ಮಾಡಿಸಿದ ಏರ್ಪಾಡು ಅದು.

ಹತ್ತೂವರೆಯವರೆಗೆ ಎಲ್ಲವೂ ದಿನದ ಹಾಗೇ ಇತ್ತು. ತಗಡು, ಕೈ, ತಲೆ, ಕಾಲು. ಮೇಷ್ಟ್ರು ಹತ್ತು ವಾಕ್ಯ ಮಾಡಿಕೊಂಡು ಬರಲು ಹೇಳಿದ್ದರು, ಪ್ರತಿಯೊಂದರಲ್ಲೂ ಒಂದು ನಿಲ್ಲುವುದು, ಒಂದು ಆತುಕೊಳ್ಳುವುದು. ಅವನು ಒಳಗೇ ವಾಕ್ಯ ಕಟ್ಟುತ್ತಿದ್ದ. ಗಂಟೆ ಹೊಡೆದಾಗ ನಾವು ಹೊರಗೆ ಹೋಗುತ್ತೇವೆ. ತಗಡು. ಮಳೆ ಬಂದರೆ ಸ್ಕೂಟರ್ ಸ್ಟಾರ್ಟ್ ಆಗುವುದಿಲ್ಲ. ಕೈ. ಅವನು ನಕ್ಕಿದ್ದರಿಂದ. ನಕ್ಕಿದ್ದರಿಂದ ಏನಾಯ್ತು? ತಲೆ. ಹಿತ್ತಾಳೆಯ ತುದಿ, ಸಣ್ಣ ಬಾಯಿ, ತುಟಿಯಿಂದ ಇಳಿದ ಕೆಂಪು ಎಳೆ ಗಲ್ಲದಲ್ಲಿ ಗಂಟಾಗಿ ನಿಂತದ್ದು, ಹುಡುಗ ಅದನ್ನು ಒರೆಸಿಕೊಳ್ಳದೆ ತನ್ನನ್ನೇ ನೋಡುತ್ತಿದ್ದದ್ದು. ಕಾಲು. ಈಗ ಅಚ್ಚಿನ ಮುಂದಿದ್ದವನು ಏನನ್ನೋ ಹೇಳುತ್ತಿದ್ದ, ಅಥವಾ ಹಾಡುತ್ತಿದ್ದ, ಬಾಯಿ ತೆರೆದು ಅರ್ಧ ಹಲ್ಲು ಕಾಣಿಸಿತು. ಕಾಲು ಇಳಿಯಿತು.

ಕೂಗಿಗಿಂತ ಮೊದಲು ಸದ್ದಿನಲ್ಲಿ ವ್ಯತ್ಯಾಸ ಬಂತು. ತಗಡು ಮಡಿಯುವ ಸದ್ದು ಹತ್ತೊಂಬತ್ತು ವರ್ಷದಿಂದ ಅವನ ಕಾಲಿಗೆ ಗೊತ್ತು, ಇದು ಹಸಿಯಾಗಿತ್ತು. ಹೆದರಿ ಅವನು ಕಾಲೆತ್ತಿಬಿಟ್ಟ. ಕಾಲೆತ್ತಿದರೆ ದಿಮ್ಮಿ ಇದ್ದಲ್ಲೇ ನಿಲ್ಲುತ್ತದೆ. ನಿಂತಿತು. ಭಾವಮೈದನ ಬಲಗೈ ಮಣಿಕಟ್ಟಿನವರೆಗೆ ಅಚ್ಚಿನ ಒಳಗಿತ್ತು, ಹೊರಗಿದ್ದ ತೋಳು ಬೇರೆ ಯಾರದ್ದೋ ಎಂಬಂತೆ ಥರಥರ ಅದುರುತ್ತಿತ್ತು, ತಗಡಿನ ಅಂಚಿನಿಂದ ರಕ್ತ ಎಣ್ಣೆಯ ಜೊತೆ ಸೇರಿ ಇಳಿಯುತ್ತಿತ್ತು. ಲೇತಿನವನು ಓಡಿ ಬಂದ. "ಗಾಲಿ ಹಿಂದಕ್ಕೆ ತಿರುಗ್ಸಿ ದಿಮ್ಮಿ ಎತ್ತೋ ಸರಳು ಎಲ್ಲಿ?" ಸರಳು ಉಗ್ರಾಣದಲ್ಲಿತ್ತು, ಉಗ್ರಾಣದ ಬೀಗದ ಕೈ ಮ್ಯಾನೇಜರ್ ಹತ್ತಿರ. ಯಾರೋ ಓಡಿದರು. ಇನ್ನೊಂದು ದಾರಿಯಿತ್ತು, ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ಪೆಡಲು ಮತ್ತೆ ಒತ್ತಿದರೆ ಸುತ್ತು ಪೂರ್ತಿಯಾಗಿ ದಿಮ್ಮಿ ಏರುತ್ತದೆ. ಆದರೆ ಏರುವ ಮೊದಲು ಉಳಿದಷ್ಟು ಇಳಿಯುತ್ತದೆ. ಎಷ್ಟು ಉಳಿದಿದೆ ಎಂಬುದನ್ನು ಅವನ ಕಣ್ಣು ಅಳೆಯಿತು: ಒಂದು ಬೆರಳಿನ ದಪ್ಪ. "ಭಾವ," ಎಂದ ಭಾವಮೈದ. ಕೂಗಲಿಲ್ಲ, ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದ, "ಭಾವ, ತೆಗೀರಿ." ಲೇತಿನವನು ಇವನ ಭುಜ ಹಿಡಿದ. "ತಡಿ, ಸರಳು ಬರ್ಲಿ. ಒತ್ತಬೇಡ. ಅಣ್ಣಾ, ಒತ್ತಬೇಡ." ಇವನು ಭುಜದ ಮೇಲಿನ ಆ ಕೈಯನ್ನು ಕಿತ್ತೆಸೆದು ಪೆಡಲು ಒತ್ತಿದ. ನೋಡಿಕೊಂಡೇ ಒತ್ತಿದ. ದಿಮ್ಮಿ ಇನ್ನೂ ಇಳಿಯಿತು, ಆಗ ಬಂದ ಕೂಗಿಗೆ ಶೆಡ್ಡಿನ ಎಲ್ಲ ಯಂತ್ರಗಳೂ ಒಂದೊಂದಾಗಿ ನಿಂತವು, ಆಮೇಲೆ ಏರಿತು. ಕೈ ಹೊರಗೆ ಬಂತು. ಅದನ್ನು ಕೈ ಎನ್ನಬಹುದಾಗಿದ್ದರೆ.

ಮ್ಯಾನೇಜರ್ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಅವನ ಬೂಟಿನ ಮೇಲೆ ಒಂದು ಹನಿ ಒಣಗಿ ಕಂದಾಗಿತ್ತು. ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ಮ್ಯಾನೇಜರ್ ಅಪಘಾತದ ಹಾಳೆಯನ್ನು ಮುಂದಿಟ್ಟು, "ನೀನೇ ಬರಿ. ಪಾಠಕ್ಕೆ ಹೋಗ್ತಿದ್ದೀಯಲ್ಲ. ಎದುರಿಗೆ ಇದ್ದವನು ನೀನು," ಎಂದರು. ಇಂಗ್ಲಿಷಿನಲ್ಲಿ ಒಂದು ವಾಕ್ಯ ಅವನಿಗೆ ಕೂಡಲೇ ಬಂತು, ನಾನು ಪೆಡಲು ಒತ್ತಿದೆ. ಬರೆದ. ಮುಂದೆ ಬರಲಿಲ್ಲ. ಮ್ಯಾನೇಜರ್ ಬಗ್ಗಿ ನೋಡಿದರು. "ಇದೊಂದೇ ಇದ್ರೆ ನಿನ್ನ ಕುತ್ತಿಗೆಗೇ ಬರುತ್ತೆ. ಅವನು ತಲೆಯಾಡಿಸಿದಾಗ ಒತ್ತಿದೆ ಅಂತ ಸೇರ್ಸು. ಆಡಿಸಿದ್ದ ತಾನೇ?" ಅವನು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. "ಆಡಿಸಿರ್ತಾನೆ ಬಿಡು. ದಿನಾ ಆಡಿಸೋನು ಇವತ್ತು ಯಾಕೆ ಬಿಡ್ತಾನೆ. ಜಾಲರಿ ವಿಷಯ ಬರೀಬೇಡ. ನಾಳೆ ಅವನಿಗೆ ಓದಿ ಹೇಳಿ ಸಹಿ ಹಾಕಿಸ್ಕೊಂಡು ಬಾ. ಮುಖ್ಯಸ್ಥನ ಜಾಗಕ್ಕೆ ನಿನ್ನ ಹೆಸರೇ ಹೋಗೋದು, ಇದರಿಂದ ತಪ್ಪಿ ಹೋಗೋದು ಬೇಡ." ಆತುಕೊಳ್ಳುವ ತುಂಡನ್ನು ಅವನು ವಾಕ್ಯದ ಮುಂದೆ ಸೇರಿಸಿ, ನಡುವೆ ಅಲ್ಪವಿರಾಮ ಹಾಕಿದ. ಅಲ್ಪವಿರಾಮ ಮರೆಯಬಾರದೆಂದು ಮೇಷ್ಟ್ರು ಹೇಳಿದ್ದು ನೆನಪಾಗಿ ಒಂದು ಗಳಿಗೆ ಸಂತೋಷವಾಯಿತು.

ಮರುದಿನ ಹನ್ನೊಂದು ಗಂಟೆಗೆ ಅವನು ಆಸ್ಪತ್ರೆಯ ವಾರ್ಡಿಗೆ ಹೋದಾಗ ಹೆಂಡತಿ ತಮ್ಮನ ತಲೆಗೂದಲು ಬಾಚುತ್ತಿದ್ದಳು. ಹೆಬ್ಬೆರಳು ಉಳಿದಿತ್ತು. ಮಿಕ್ಕ ನಾಲ್ಕು ಬೆರಳನ್ನು ಹಿಂದಿನ ದಿನವೇ ತೆಗೆದಿದ್ದರು. ಬಿಳಿ ಬಟ್ಟೆ ಸುತ್ತಿದ ಗಂಟೊಂದು ದಿಂಬಿನ ಮೇಲಿತ್ತು. "ಸರಳು ಬರೋತನಕ ಕಾದಿದ್ರೆ ಎರಡು ಉಳೀತಿತ್ತೋ ಏನೋ," ಎಂದು ಡಾಕ್ಟರು ಹೇಳಿದ್ದನ್ನು ಅವಳು ಹೇಳಿದಳು, ಆಮೇಲೆ, "ಕೈ ಪೂರ್ತಿ ಹೋಗ್ತಿತ್ತೋ ಏನೋ ಅಂತಲೂ ಅವರೇ ಅಂದ್ರು," ಎಂದಳು. ಅವನು ಹಾಳೆ ತೆಗೆದ. ಓದಿ ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಭಾವಮೈದ ಎಡಗೈ ಚಾಚಿದ. "ಕೊಡಿ ಭಾವ, ನಾನೇ ಓದ್ತೀನಿ." ಓದಿದ. ಎರಡು ಸಲ ಓದಿದ. "ಒಂದೂ ತಪ್ಪಿಲ್ಲ ಭಾವ. ಕಾಮಾ ಕೂಡ ಸರಿಯಾದ ಕಡೆ ಹಾಕಿದ್ದೀರಿ," ಎಂದ. ತಮಾಷೆಯಲ್ಲ, ಅವನ ಮುಖದಲ್ಲಿ ನಿಜವಾದ ಹೆಮ್ಮೆಯಿತ್ತು. ಆಮೇಲೆ ಹಾಳೆಯನ್ನು ಎದೆಯ ಮೇಲಿಟ್ಟುಕೊಂಡು ಚಾವಣಿಯನ್ನು ನೋಡುತ್ತ ಕೇಳಿದ: "ನಾನು ತಲೆ ಆಡಿಸಿದ್ನಾ? ನನಗೆ ಒಂಚೂರೂ ನೆನಪಾಗ್ತಿಲ್ಲ."

"ಹೂಂ," ಎಂದ ಅವನು. "ಆಡಿಸಿದೆ."

ಭಾವಮೈದ ಬಹಳ ದೊಡ್ಡ ಉಸಿರು ಬಿಟ್ಟ. "ಸದ್ಯ. ಏನೇನೋ ತಲೆಗೆ ಬರ್ತಿತ್ತು ಭಾವ. ಮೊನ್ನೆ ಪಾಠದಲ್ಲಿ ಹೊಡೆದ್ನಲ್ಲ, ಅದಕ್ಕೇನಾದ್ರೂ... ಛೇ, ಎಂಥ ಪಾಪಿ ನಾನು, ನಿಮ್ಮ ಮೇಲೆ ಹಾಗೆ ಅನುಮಾನ ಪಟ್ಟೆ. ನನ್ನ ತಪ್ಪಿಗೆ ನನ್ನ ಕೈ ಹೋಯ್ತು, ಅಷ್ಟೇ ತಾನೇ. ಪೆನ್ನು ಕೊಡಿ. ಎಡಗೈ ಸಹಿ ಸೊಟ್ಟಗಾಗುತ್ತೆ, ನಗಬಾರದು." ಹೆಂಡತಿ ಬಾಚಣಿಗೆಯನ್ನು ಕೆಳಗಿಟ್ಟಳು. "ಸ್ವಲ್ಪ ಹೊರಗೆ ಬನ್ನಿ," ಎಂದಳು.

ಹೊರಗೆ ಮೆಟ್ಟಿಲಿನ ತಿರುವಿನಲ್ಲಿ ಯಾರೂ ಇರಲಿಲ್ಲ. ಅವಳು ಅವನ ಅಂಗಿಯ ಕೊರಳನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಗೋಡೆಗೆ ದೂಡಿದಳು. ಹಿಂದಲೆ ಗೋಡೆಗೆ ಬಡಿದು ಕಿವಿಯಲ್ಲಿ ಗುಂಯ್ ಎಂದಿತು. "ಹೂಂ ಅನ್ನೋಕೆ ಮುಂಚೆ ನೀನು ಎಂಜಲು ನುಂಗಿದೆ. ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಸುಳ್ಳು ಹೇಳೋಕೆ ಮುಂಚೆ ನೀನು ಎಂಜಲು ನುಂಗ್ತೀಯ." ಮದುವೆಯಾದಂದಿನಿಂದ ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು. "ಹೇಳು. ಬೇಕಂತ ಒತ್ತಿದೆಯಾ?" ಮತ್ತೊಮ್ಮೆ ತಲೆ ಗೋಡೆಗೆ ತಾಗಿತು. ಅವನು ಅವಳ ಕೈ ಬಿಡಿಸಿಕೊಳ್ಳಲಿಲ್ಲ. ಇನ್ನೂ ಜೋರಾಗಿ ದೂಡಲಿ, ಏನಾದರೂ ಒಡೆದು ಒಳಗಿನದು ಹೊರಗೆ ಬಿದ್ದರೆ ತಾನೂ ನೋಡಬಹುದು ಎನ್ನಿಸಿತು. "ಗೊತ್ತಿಲ್ಲ ಕಣೆ," ಎಂದ. "ಅವನ ಬಾಯಿ ನೋಡ್ತಿದ್ದೆ. ತಲೆ ನೋಡ್ಲಿಲ್ಲ. ಕಾಲು ಕೆಳಗೆ ಹೋಯ್ತು. ನಿಜವಾಗ್ಲೂ ಗೊತ್ತಿಲ್ಲ." ಅವಳು ಅವನ ಮುಖದಲ್ಲಿ ಹುಡುಕಿದಳು, ಗಂಟಲನ್ನು ನೋಡಿದಳು, ನಂಬಲಿಲ್ಲ. "ಕಾಲಿಗೆ ಬೇರೆ ತಲೆ ಇದೆಯಾ?" ಎಂದಳು. ಮುಷ್ಟಿ ಬಿಡಿಸಿ, ಗೋಡೆಯ ಸುಣ್ಣ ಹತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು ಮೆಟ್ಟಿಲಿಳಿದು ಹೋದಳು.

ಅವನು ಒಬ್ಬನೇ ವಾರ್ಡಿಗೆ ವಾಪಸು ಬಂದ. ಹಾಗೇ ಹೊರಟುಹೋಗಬಹುದಿತ್ತು. ಭಾವಮೈದ ತಟ್ಟೆಯೊಂದನ್ನು ಮಗುಚಿ ಹೊಟ್ಟೆಯ ಮೇಲಿಟ್ಟುಕೊಂಡು, ಅದರ ಮೇಲೆ ಹಾಳೆ ಹರಡಿ, ಎಡಗೈಯಲ್ಲಿ ಪೆನ್ನು ಹಿಡಿದು ಗಾಳಿಯಲ್ಲಿ ತನ್ನ ಸಹಿಯನ್ನು ಅಭ್ಯಾಸ ಮಾಡುತ್ತಿದ್ದ. ಪೆನ್ನನ್ನು ಅವನಿಗೆ ಪಕ್ಕದ ಹಾಸಿಗೆಯವರು ಕೊಟ್ಟಿದ್ದರು. "ಸಹಿ ಹಾಕಬೇಡ," ಎಂದ ಅವನು. ಮಂಚದ ಕಬ್ಬಿಣ ಹಿಡಿದುಕೊಂಡ. "ನೀನು ತಲೆ ಆಡಿಸಿದ್ದು ನಾನು ನೋಡ್ಲಿಲ್ಲ. ಆಡಿಸಿದೆಯೋ ಇಲ್ವೋ ನನಗೆ ಗೊತ್ತಿಲ್ಲ. ಮೊದಲನೇ ಸಲ ಯಾಕೆ ಒತ್ತಿದೆ ಅಂತಲೂ ಗೊತ್ತಿಲ್ಲ. ಎರಡನೇ ಸಲ ಗೊತ್ತಿದ್ದೇ ಒತ್ತಿದೆ. ಜಾಲರಿ ಕಟ್ಟಿದವನೂ ನಾನೇ. ಅದನ್ನ ಬರೆದುಕೊಡ್ತೀನಿ. ಆ ಜಾಗ ನನಗೆ ಬೇಡ."

ಭಾವಮೈದ ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ಹಾಕಿದ. ಪಕ್ಕದ ಹಾಸಿಗೆಯವರು ಮುಖ ಅತ್ತ ತಿರುಗಿಸಿಕೊಂಡರು. ಆಮೇಲೆ ಅವನು ಎಡಗೈಯಿಂದ ಆ ಸ್ಟೀಲಿನ ತಟ್ಟೆಯನ್ನು ಹಾಳೆಯ ಸಮೇತ ಎತ್ತಿ ಭಾವನ ಮುಖಕ್ಕೆ ಎಸೆದ. ಎಡಗೈಗೆ ಅಭ್ಯಾಸವಿರಲಿಲ್ಲ, ತಟ್ಟೆ ಭುಜಕ್ಕೆ ತಾಗಿ ನೆಲದ ಮೇಲೆ ಗಿರಗಿರನೆ ತಿರುಗಿ ಬಿತ್ತು. "ಹೂಂ ಅಂದಿದ್ರಲ್ಲ," ಎಂದ. "ಅಂದಿದ್ರಿ. ನಾನು ನಂಬಿದ್ದೆ. ಅಲ್ಲಿಗೇ ಬಿಡೋಕೆ ನಿಮಗೇನು ದಾಡಿಯಾಗಿತ್ತು? ಇನ್ನು ದಿನಾ ಬೆಳಗಾದ್ರೆ ಈ ಗಂಟು ನೋಡ್ಕೊಂಡು ನಾನು ಏನಂತ ಅಂದ್ಕೊಳ್ಳಲಿ?" ಇವನು ಬಗ್ಗಿ ಹಾಳೆಯನ್ನು ಎತ್ತಿಕೊಂಡ, ಮಡಿಸಿದ, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ. ಭಾವಮೈದ ಗೋಡೆಯ ಕಡೆ ಹೊರಳಿದ. ಹೊರಳುವಾಗ ಗಂಟು ಹಾಸಿಗೆಯ ಅಂಚಿಗೆ ತಾಗಿ ಅವನು ಸಣ್ಣಗೆ ನರಳಿದ. ಇವನ ಕೈ ತಾನಾಗಿ ಮುಂದೆ ಹೋಗಿ ಆ ತೋಳಿನ ಕೆಳಗೆ ದಿಂಬನ್ನು ಸರಿಸಿತು. ತೋಳು ಅದನ್ನು ಬೇಡವೆನ್ನಲಿಲ್ಲ. ಒಪ್ಪಿಕೊಂಡಿತೋ, ನೋವಿಗೆ ಅಲುಗಾಡಲಾಗಲಿಲ್ಲವೋ.

ಅವನು ಮ್ಯಾನೇಜರಿಗೆ ಬೇರೆ ಹಾಳೆ ಬರೆದುಕೊಟ್ಟ, ಕೆಲಸ ಹೋಯಿತು, ಇಷ್ಟು ಗೊತ್ತು. ಆ ಬೆಳಿಗ್ಗೆ ಹತ್ತೂವರೆಗೆ ಪ್ರೆಸ್ಸಿನ ಮುಂದೆ ಒಂದು ತಲೆ ಆಡಿತೋ ಇಲ್ಲವೋ ಗೊತ್ತಿಲ್ಲ. ಕಾಲು ಅದಕ್ಕೆ ಮೊದಲೇ ಇಳಿಯಿತೋ, ಇಳಿದದ್ದು ಯಾವುದರಿಂದಲೋ, ಅವನಿಗೆ ಗೊತ್ತಿಲ್ಲ, ಇದನ್ನು ಹೇಳಿದವರಿಗೂ ಗೊತ್ತಿಲ್ಲ.